ಹಳೇ ಎಂಜಿಬಿ ಕೊಂಡಿದ್ದೀರಾ? ಮೊದಲು ಬ್ರೇಕ್, ಕೊನೆಗೆ ಎಂಜಿನ್

ನನ್ನ 1973ರ ಎಂಜಿಬಿ ರೋಡ್‌ಸ್ಟರ್ ಅನ್ನುವ, ಗಟ್ಟಿ ಮೇಲ್ಛಾವಣಿ ಇಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮನೆಗೆ ಬಂದದ್ದು ಟ್ರಕ್ಕಿನ ಮೇಲೆ. ಮಾರಿದವರಿಗೆ ಸ್ವಲ್ಪ ಬೇಜಾರಾಯಿತು. ಹೋದ ವಾರ ತಾನೇ ಓಡಿಸಿದ್ದೇನೆ, ರೆಡಿಂಗ್‌ವರೆಗೆ ಆರಾಮಾಗಿ ಹೋಗುತ್ತದೆ ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಎಂಜಿನ್ ಒಂದೇ ಸೆಲ್ಫಿಗೆ ಹತ್ತಿಕೊಳ್ಳುತ್ತಿತ್ತು, ಗೇರು ಸಲೀಸಾಗಿ ಬೀಳುತ್ತಿತ್ತು, ಬಣ್ಣ ಹೊಳೆಯುತ್ತಿತ್ತು. ಆದರೆ ಮಾರನೇ ದಿನ ಜಾಕ್ ಕೊಟ್ಟು ಮುಂದಿನ ಬಲಗಡೆಯ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತೂ ಹೋಗಲಿಲ್ಲ. ಬ್ರೇಕಿನ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿಯೇ ಇತ್ತು, ಒಳಗೆ ಮಾತ್ರ ಊದಿಕೊಂಡು ದಾರಿ ಮುಚ್ಚಿತ್ತು.

ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡಿರದ ಕಾರಿಗೆ 2018ರ ಮೇ ತಿಂಗಳಿನಿಂದ ವರ್ಷವರ್ಷದ ಎಂಒಟಿ ತಪಾಸಣೆ (ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವುದು) ಕಡ್ಡಾಯವಲ್ಲ. ರಸ್ತೆ ತೆರಿಗೆಯೂ ಇಲ್ಲ. ಕೇಳುವುದಕ್ಕೆ ಖುಷಿಯ ಸುದ್ದಿ, ಆದರೆ ಇದರ ಅರ್ಥ ಏನು ಗೊತ್ತಾ? ನಿಮ್ಮ ಕೈಗೆ ಬರುವ ಕಾರಿನ ಅಡಿಯನ್ನು ಎಷ್ಟೋ ವರ್ಷಗಳಿಂದ ಯಾರೂ ನೋಡದೇ ಇರಬಹುದು. ಹಾಗಾಗಿ ನಾನು ಹೇಳುವುದು ಒಂದೇ ಮಾತು. ಹಿಂದಿನವರು ಮಾಡಿಸಿದ್ದಾರೆ ಅಂತ ಯಾವುದನ್ನೂ ನಂಬಬೇಡಿ, ಬಿಲ್ಲಿನ ಫೈಲು ಎಷ್ಟೇ ದಪ್ಪ ಇರಲಿ. ಎಲ್ಲವನ್ನೂ ಒಂದು ಸಲ ನೀವೇ ಮಾಡಿ, ತಾರೀಖು ಬರೆದಿಟ್ಟುಕೊಳ್ಳಿ, ಅಲ್ಲಿಂದ ನಿಮ್ಮ ಲೆಕ್ಕ ಶುರುವಾಗಲಿ.

ಇನ್ನೊಂದು, ಈ ಕಾರು ನಮಗೆ ಅಷ್ಟೇನೂ ಹೊರಗಿನದಲ್ಲ. ಎಂಜಿಬಿಯನ್ನು 1962ರಿಂದ 1980ರವರೆಗೆ ಅಬಿಂಗ್‌ಡನ್ ಊರಿನಲ್ಲಿ ಕಟ್ಟಿದರು. ಅದರ 1798 ಸಿಸಿ ಎಂಜಿನ್ ಬಿಎಂಸಿ ಅಂದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ನಲ್ಲಿ ಬಹಳ ಕಾಲ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಕುಟುಂಬದ್ದು. ಶಿವಮೊಗ್ಗದಲ್ಲೋ ಹಾಸನದಲ್ಲೋ ಅಂಬಾಸಿಡರ್ ಟ್ಯಾಕ್ಸಿಯ ಟ್ಯಾಪೆಟ್ (ಎಂಜಿನ್ ವಾಲ್ವ್ ಎತ್ತುವ ಭಾಗ) ಕಟ್ಟಿದ ಮೇಸ್ತ್ರಿಯನ್ನು ಈ ಕಾರಿನ ಮುಂದೆ ನಿಲ್ಲಿಸಿದರೆ ಬಾನೆಟ್ ಎತ್ತಿದ ಕೂಡಲೇ ಅವರಿಗೆ ಅರ್ಧ ಕೆಲಸ ಗೊತ್ತಿರುತ್ತದೆ. ಊರಲ್ಲಿ ಅಂಬಾಸಿಡರ್ ಇಟ್ಟುಕೊಂಡವರಿಗೂ ಕೆಳಗಿನ ಬಹುಪಾಲು ಕೆಲಸ ಹಾಗೇ ಹೊಂದುತ್ತದೆ.

ಕೈ ಹಾಕುವ ಮೊದಲು

ಕಂಪನಿಯ ವರ್ಕ್‌ಶಾಪ್ ಮ್ಯಾನುಯಲ್ ಮರುಮುದ್ರಣ ಸಿಗುತ್ತದೆ, ಮೊದಲು ಅದನ್ನು ಕೊಳ್ಳಿ. 18 ವರ್ಷದಲ್ಲಿ ಈ ಕಾರು ಎಷ್ಟೋ ಸಲ ಬದಲಾಗಿದೆ. 1967ರವರೆಗಿನದ್ದರಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡಿರುತ್ತಾರೆ, ಆಮೇಲಿನದ್ದರಲ್ಲಿ ಮೈನಸ್. ಇದು ಗೊತ್ತಿಲ್ಲದೆ ಚಾರ್ಜರ್ ಹಾಕಿದರೆ ಅನಾಹುತವೇ. ನಿಮ್ಮದು ಯಾವ ವರ್ಷದ್ದು, ಎಂಜಿನ್ ಅದರದ್ದೇನಾ ಅನ್ನುವುದು ಖಚಿತವಾಗಿ ಬೇಕಿದ್ದರೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೇ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ.

ಪಾನಾ ಇಂಚಿನದ್ದೇ ಬೇಕು. ಈ ಕಾರಿನ ನಟ್ಟುಗಳು ಹೆಚ್ಚಾಗಿ 7/16, 1/2, 9/16 ಇಂಚಿನವು. 1/2 ಇಂಚಿಗೆ 13ರ ಪಾನಾ ಕೂರುತ್ತದೆ ಅಂತ ಅನ್ನಿಸುತ್ತದೆ, ಆದರೆ ಬಿಗಿ ಇರುವ ನಟ್ಟಿನ ಮೂಲೆ ಸವೆದು ದುಂಡಗಾಗುವುದು ಹೀಗೆಯೇ.

ಕಾರಿನ ಕೆಳಗೆ ಹೋಗುವುದಾದರೆ ಗಟ್ಟಿ ನೆಲ, ಎರಡು ಒಳ್ಳೆಯ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡಗಲ್ಲು. ಬರೀ ಜಾಕ್ ನಂಬಿ ಯಾವತ್ತೂ ಕೆಳಗೆ ನುಗ್ಗಬೇಡಿ, ಒಂದು ನಿಮಿಷದ ಕೆಲಸವಾದರೂ ಬೇಡ.

ಒಂದು ನೋಟ್‌ಬುಕ್ ಇಡಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಮುಗಿಸಿ, ನೋಡಿ, ಆಮೇಲೆ ಮುಂದಿನದು. ಪ್ಲಗ್, ಪಾಯಿಂಟ್, ಕಾರ್ಬ್ಯುರೇಟರ್ ಮೂರನ್ನೂ ಒಂದೇ ಮಧ್ಯಾಹ್ನ ಬದಲಿಸಿ ಸಂಜೆ ಕಾರು ಸ್ಟಾರ್ಟ್ ಆಗದೇ ಹೋದರೆ ಯಾವುದರಿಂದ ಹಾಗಾಯಿತು ಅಂತ ಹುಡುಕುವುದಕ್ಕೆ ಇನ್ನೆರಡು ದಿನ ಬೇಕು.

ಬ್ರೇಕ್

ಇಂಗ್ಲೆಂಡಿನಲ್ಲಿ ಮಾರಿದ ಎಂಜಿಬಿಗಳಲ್ಲಿ ಎಪ್ಪತ್ತರ ದಶಕದ ಕೊನೆಗೆ ಬರುವ ತನಕ ಬ್ರೇಕಿಗೆ ಒಂದೇ ಲೈನು. ಈಗಿನ ಕಾರುಗಳಲ್ಲಿ ಎರಡು ಬೇರೆ ಬೇರೆ ಲೈನು ಇರುತ್ತದೆ, ಒಂದು ಹೋದರೂ ಇನ್ನೊಂದು ನಿಲ್ಲಿಸುತ್ತದೆ. ಇದರಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಅದಕ್ಕೇ ನಾನು ಇದನ್ನು ಎಲ್ಲಕ್ಕಿಂತ ಮೊದಲು ಇಟ್ಟಿರುವುದು.

ರಬ್ಬರ್ ಹೋಸ್ ಮೂರು ಇವೆ, ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು. ಮೂರನ್ನೂ ಕಣ್ಣು ಮುಚ್ಚಿಕೊಂಡು ಬದಲಿಸಿ, ತುಂಬಾ ದುಬಾರಿ ಸಾಮಾನಲ್ಲ. ಬಿಚ್ಚುವ ಮೊದಲು ತಪ್ಪು ಎಲ್ಲಿದೆ ಅಂತ ತಿಳಿಯಬೇಕೆಂದರೆ ಹೀಗೆ ಮಾಡಿ. ಮುಂದಿನ ಚಕ್ರ ಎತ್ತಿ, ಒಬ್ಬರು ಬ್ರೇಕ್ ತುಳಿದು ಬಿಡಲಿ, ನೀವು ಚಕ್ರ ತಿರುಗಿಸಿ. ಹಿಡಿದುಕೊಂಡಿದ್ದರೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಒಂದು ಚೂರು ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಹಿಂದಕ್ಕೆ ಹೋಗದೆ ಸಿಕ್ಕಿಕೊಂಡಿದೆ ಅಂತ ಅರ್ಥ, ಹೆಚ್ಚಾಗಿ ಹೋಸೇ ಕಾರಣ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ಕ್ಯಾಲಿಪರ್‌ನ ಪಿಸ್ಟನ್ ತುಕ್ಕು ಹಿಡಿದು ಕೂತಿದೆ.

ಉಕ್ಕಿನ ಪೈಪುಗಳನ್ನು ಬೆರಳಿನಿಂದ ಸವರುತ್ತಾ ಹೋಗಿ, ಮುಖ್ಯವಾಗಿ ಹಿಂದಿನ ಆಕ್ಸಲ್ ಮೇಲೆ ಮಣ್ಣು ಕೂರುವ ಕಡೆ. ತುಕ್ಕಿನ ಗುಳಿ ಕೈಗೆ ಸಿಕ್ಕಿದರೆ ಆ ಪೈಪು ಬೇಡ. ಬದಲಿಗೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಹಾಕಿಸಿ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ.

ಹಿಂದಿನ ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಯಿಂದಲೋ ಏರ್ ಪೈಪಿನಿಂದಲೋ ಊದಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ತುಂಬಾ ಅಪಾಯ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿಬಿಡಿ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚು ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಬದಲಿಸಿ. ಶೂ ಅಡ್ಜಸ್ಟ್ ಮಾಡುವುದು ಹಿಂಬದಿ ತಟ್ಟೆಯಲ್ಲಿರುವ ಚೌಕದ ತಲೆಯಿಂದ. ಚಕ್ರ ಹಿಡಿಯುವ ತನಕ ತಿರುಗಿಸಿ, ಆಮೇಲೆ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಇದಾದ ಮೇಲೆಯೇ ಹ್ಯಾಂಡ್‌ಬ್ರೇಕ್ ಕೇಬಲ್ ಮುಟ್ಟಿ. ಕೇಬಲ್ ಎಳೆದು ಶೂ ಸವೆತವನ್ನು ಮುಚ್ಚಿಡುವ ಅಭ್ಯಾಸ ತುಂಬಾ ಜನರಿಗಿದೆ, ಅದು ತಪ್ಪು.

ನಾವು ಬ್ರೇಕ್ ಆಯಿಲ್ ಅನ್ನುತ್ತೇವೆ, ನಿಜವಾಗಿ ಅದು ಎಣ್ಣೆ ಅಲ್ಲವೇ ಅಲ್ಲ. ಎಂಜಿನ್ ಆಯಿಲ್ ಒಂದು ಹನಿ ಬೆರೆತರೂ ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಹಾಳಾಗುತ್ತವೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತನ್ನಿ, ಮುಚ್ಚಳ ಒಡೆಯದ ಹೊಸ ಡಬ್ಬಿ. ಅದು ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಹೋದ ವರ್ಷ ತೆರೆದಿಟ್ಟ ಡಬ್ಬಿ ಕೆಲಸಕ್ಕೆ ಬರುವುದಿಲ್ಲ. ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಚಕ್ರದಿಂದ ಶುರು ಮಾಡಿ ಹತ್ತಿರದ ಚಕ್ರಕ್ಕೆ ಬನ್ನಿ, ಪಾರದರ್ಶಕ ಪೈಪಿನಲ್ಲಿ ಹೊಸ ಬಣ್ಣದ ಆಯಿಲ್ ಗುಳ್ಳೆ ಇಲ್ಲದೆ ಬರುವ ತನಕ ಬಿಡಿ. ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡುತ್ತಿರಿ. ಬಣ್ಣದ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ, ಇಲ್ಲಾಂದ್ರೆ ಬಣ್ಣ ಎದ್ದು ಬರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಕ್ಲಚ್ಚಿಗೂ ಇದೇ ಆಯಿಲ್, ಅದಕ್ಕೆ ಬೇರೆ ಡಬ್ಬಿ, ಒಂದು ಹೋಸ್. ಅದನ್ನೂ ಇದೇ ದಿನ ಮುಗಿಸಿ.

ಟೈರು

ಬಟನ್, ಅಂದರೆ ಟೈರಿನ ಮೇಲಿನ ಗೀರುಗಳ ಆಳ, ಎಷ್ಟಿದೆ ಅಂತ ನೋಡಿ ಮೋಸ ಹೋಗಬೇಡಿ. ಇಂಥ ಕಾರು ವರ್ಷಕ್ಕೆ ಸಾವಿರ ಮೈಲಿಯೂ ಓಡಿರುವುದಿಲ್ಲ, ಟೈರು ಸವೆಯುವುದಿಲ್ಲ, ಸುಮ್ನೆ ನಿಂತು ಗಟ್ಟಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ವರ್ಷದ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದ್ದು, ಅದರ ಮೇಲೆ ಕಾರು ಓಡಿಸಬೇಡಿ. ಹತ್ತು ವರ್ಷ ದಾಟಿದ್ದನ್ನು ನಾನು ಯೋಚಿಸದೆ ಬದಲಿಸುತ್ತೇನೆ. ಸ್ಟೆಪ್ನಿಯನ್ನೂ ನೋಡಿ.

ಕಡ್ಡಿ ಚಕ್ರ ಇದ್ದರೆ ಒಂದು ಹೆಚ್ಚಿನ ಪರೀಕ್ಷೆ ಇದೆ. ಚಕ್ರ ಎತ್ತಿ, ಒಬ್ಬರು ಬ್ರೇಕ್ ಗಟ್ಟಿಯಾಗಿ ತುಳಿದಿರಲಿ, ನೀವು ಚಕ್ರವನ್ನು ಹಿಂದೆ ಮುಂದೆ ತಿರುಗಿಸಲು ನೋಡಿ. ಟಕ್ ಅಂತ ಆಡಿದರೆ ಹಬ್ಬಿನ ಹಲ್ಲುಗಳು ಸವೆದಿವೆ. ಹಲ್ಲು ಸವೆದ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಅದೂ ಬೇಗ ಸವೆಯುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಚೆನ್ನಾಗಿದ್ದರೆ ಒರೆಸಿ, ಗ್ರೀಸ್ ಹಚ್ಚಿ ಕೂರಿಸಿ. ನಡುವಿನ ದೊಡ್ಡ ನಟ್ಟು ಎಡಕ್ಕೊಂದು ರೀತಿ, ಬಲಕ್ಕೊಂದು ರೀತಿ ತಿರುಗುತ್ತದೆ, ಅದರ ಮೇಲೆ ಬರೆದಿರುವುದನ್ನು ಓದಿ.

ಪೆಟ್ರೋಲ್ ಮತ್ತು ಬೆಂಕಿ

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಅಂದರೆ ಇ10, 10% ವರೆಗೆ ಎಥನಾಲ್. ಸೂಪರ್ ದರ್ಜೆಯಲ್ಲಿ 5% ವರೆಗೆ ಮಾತ್ರ. ಹಳೇ ರಬ್ಬರಿಗೆ ಎಥನಾಲ್ ಆಗುವುದಿಲ್ಲ, ಮೆತ್ತಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಊರಲ್ಲಂತೂ ಬಂಕಿನಲ್ಲಿ ಈಗ 20% ಎಥನಾಲ್ ಪೆಟ್ರೋಲ್, ಅಲ್ಲಿ ಹಳೇ ಕಾರು ಇಟ್ಟವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು.

ಟ್ಯಾಂಕಿನಿಂದ ಕಾರ್ಬ್ಯುರೇಟರ್ ತನಕ ಇರುವ ಪ್ರತಿ ರಬ್ಬರ್ ತುಂಡನ್ನೂ ಬದಲಿಸಿ. ಎಥನಾಲ್ ತಡೆಯುವ ಹೋಸಿನ ಮೇಲೆ ಜೆ30 ಆರ್9 ಅಂತ ಗುರುತು ಇರುತ್ತದೆ. ಗುರುತಿಲ್ಲದ ಅಗ್ಗದ ಹೋಸ್ ಬೇಡ. ಕ್ಲಾಂಪುಗಳೂ ಹೊಸವು ಇರಲಿ. ಈ ಕಾರಿನಲ್ಲಿ ಎಕ್ಸಾಸ್ಟ್ ಇರುವುದೂ ಕಾರ್ಬ್ಯುರೇಟರ್ ಇರುವುದೂ ಎಂಜಿನ್ನಿನ ಒಂದೇ ಪಕ್ಕದಲ್ಲಿ, ಒಂದರ ಕೆಳಗೆ ಒಂದು. ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೀಳುವುದು ಕಾದ ಪೈಪಿನ ಹತ್ತಿರವೇ.

ಪಂಪಿನ ಸದ್ದು ಕೇಳುವುದನ್ನು ಕಲಿಯಿರಿ, ಅದೇ ಎಷ್ಟೋ ಹೇಳುತ್ತದೆ. ಎಸ್‌ಯು ಕಂಪನಿಯ ಕರೆಂಟ್ ಪಂಪು ಹಿಂದಿನ ಬಲಚಕ್ರದ ಹತ್ತಿರ ಇದೆ. ಕೀ ತಿರುಗಿಸಿದಾಗ ಟಕಟಕ ಅಂತ ಓಡಿ ನಿಲ್ಲಬೇಕು. ಎಂಜಿನ್ ಹತ್ತಿಸದೆಯೂ ಆಗಾಗ ಟಕ್ ಅನ್ನುತ್ತಲೇ ಇದ್ದರೆ ಎಲ್ಲೋ ಪೆಟ್ರೋಲ್ ಸೋರುತ್ತಿದೆ, ಅಥವಾ ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ. ನಿಲ್ಲದೆ ಜೋರಾಗಿ ಬಡಿದುಕೊಂಡರೆ ಟ್ಯಾಂಕ್ ಖಾಲಿ ಅಥವಾ ಗಾಳಿ ಎಳೆಯುತ್ತಿದೆ.

ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಒಂದನ್ನು ಕೈಗೆ ಸಿಗುವ ಕಡೆ ಕಟ್ಟಿ. ಡಿಕ್ಕಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ.

ವೈರು

ಆ ಕಾಲದ ಬ್ರಿಟಿಷ್ ಕಾರಿನ ವೈರುಗಳಿಗೆ ಬಣ್ಣದ ಭಾಷೆ ಇದೆ, ಕಲಿತರೆ ಅರ್ಧ ಭಯ ಹೋಗುತ್ತದೆ. ಕಂದು ಅಂದರೆ ಬ್ಯಾಟರಿಯಿಂದ ನೇರ, ಯಾವಾಗಲೂ ಕರೆಂಟ್, ಫ್ಯೂಸ್ ಇಲ್ಲ. ಬಿಳಿ ಅಂದರೆ ಕೀ ಹಾಕಿದಾಗ ಬರುವುದು, ಅದಕ್ಕೂ ಹೆಚ್ಚಾಗಿ ಫ್ಯೂಸ್ ಇಲ್ಲ. ಹಸಿರು ಅಂದರೆ ಕೀ ಹಾಕಿದಾಗ ಫ್ಯೂಸ್ ಮೂಲಕ, ನೇರಳೆ ಅಂದರೆ ಯಾವಾಗಲೂ ಫ್ಯೂಸ್ ಮೂಲಕ. ಕಪ್ಪು ಅರ್ಥ್. ಕಂದು ವೈರು ಎಲ್ಲಾದರೂ ಕಬ್ಬಿಣಕ್ಕೆ ಉಜ್ಜಿ ಸವೆದಿದ್ದರೆ ಅದನ್ನು ತಡೆಯುವುದಕ್ಕೆ ಏನೂ ಇಲ್ಲ, ನೇರ ಬೆಂಕಿಯೇ. ಹಾಗಾಗಿ ಕಂದು ವೈರುಗಳನ್ನು ಪೂರ್ತಿ ಹಿಂಬಾಲಿಸಿ ನೋಡಿ, ಬ್ಯಾಟರಿಗೆ ಕಟ್‌ಆಫ್ ಸ್ವಿಚ್ ಹಾಕಿಸಿ, ಮನೆಗೆ ಬಂದ ಮೇಲೆ ಆಫ್ ಮಾಡಿ.

ಫ್ಯೂಸಿನಲ್ಲಿ ಒಂದು ಮೋಸ ಇದೆ. ಲೂಕಾಸ್ ಕಂಪನಿಯ ಫ್ಯೂಸಿನ ಮೇಲೆ 35 ಅಂತ ಇರುವುದು ಅದು ಸುಟ್ಟು ಹೋಗುವ ಆಂಪ್ಸ್, ನಿರಂತರ ಹೊರುವುದು 17 ಮಾತ್ರ. ಈಗಿನ ಅಂಗಡಿಯಲ್ಲಿ ಅದೇ ಅಳತೆಯ 35 ಆಂಪ್ ಫ್ಯೂಸ್ ತಂದು ಹಾಕಿದರೆ ಅದು 35ನ್ನು ನಿರಂತರ ಹೊರುತ್ತದೆ, ಅಷ್ಟರಲ್ಲಿ ವೈರು ಕರಗಿರುತ್ತದೆ.

ಬ್ಯಾಟರಿ ಸೀಟಿನ ಹಿಂದೆ, ನೆಲದ ಮುಚ್ಚಳದ ಕೆಳಗೆ. 1974ರವರೆಗೆ 6 ವೋಲ್ಟಿನ ಎರಡು, ಆಮೇಲೆ 12 ವೋಲ್ಟಿನ ಒಂದು. ಅದು ಕೂರುವ ಪೆಟ್ಟಿಗೆಗೆ ತುಕ್ಕು ಹಿಡಿದು ತಳ ತೂತಾಗಿರುವುದು ಮಾಮೂಲಿ. ಬಿಚ್ಚುವಾಗ ಅರ್ಥ್ ತುದಿ ಮೊದಲು. ಎಂಜಿನ್‌ನಿಂದ ಕಾರಿನ ಮೈಗೆ ಇರುವ ದಪ್ಪ ಅರ್ಥ್ ಪಟ್ಟಿಯನ್ನು ಮರೆಯಬೇಡಿ. ಅದು ಕೆಟ್ಟಿದ್ದರೆ ಸೆಲ್ಫ್ ಹೊಡೆದಾಗ ಅಷ್ಟೂ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಕಾದು ಸುಡುತ್ತದೆ.

ಗ್ರೀಸ್ ಗನ್ ಹಿಡಿಯುವ ದಿನ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಈಗಿನ ಕಾರು ಓಡಿಸಿ ಬೆಳೆದವರಿಗೆ ಗ್ರೀಸ್ ನಿಪ್ಪಲ್ (ಗ್ರೀಸ್ ಒಳಗೆ ತಳ್ಳುವ ಸಣ್ಣ ಮೂತಿ) ಅನ್ನುವುದೇ ಗೊತ್ತಿರುವುದಿಲ್ಲ, ಹಾಗಾಗಿ ಹಳೇ ಕಾರುಗಳಲ್ಲಿ ಎಲ್ಲರೂ ಬಿಟ್ಟುಬಿಟ್ಟಿರುವ ಕೆಲಸವೂ ಇದೇ. ಸ್ಟಿಯರಿಂಗ್ ತಿರುಗಿಸಿದಾಗ ಎಂಜಿಬಿಯ ಮುಂದಿನ ಚಕ್ರ ಹೊರಳುವುದು ಕಿಂಗ್ ಪಿನ್ ಅನ್ನುವ ನಿಂತ ಕಂಬಿಯ ಮೇಲೆ. ಒಂದೊಂದು ಪಕ್ಕಕ್ಕೆ ಮೂರು ನಿಪ್ಪಲ್, ಒಟ್ಟು ಆರು. 3000 ಮೈಲಿಗೊಮ್ಮೆ, ಕಡಿಮೆ ಓಡಿಸುವವರಾದರೆ ವರ್ಷಕ್ಕೆರಡು ಸಲ ಗ್ರೀಸ್ ಬೇಕು. ಹೊಡೆಯದಿದ್ದರೆ ಪಿನ್ನು ಒಣಗಿ ಸವೆಯುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ.

ಮೊದಲು ಆಟ ಎಷ್ಟಿದೆ ನೋಡಿ. ಮುಂದಿನ ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಆಡಿದರೆ ಒಬ್ಬರು ಬ್ರೇಕ್ ತುಳಿಯಲಿ, ಮತ್ತೆ ಅಲುಗಾಡಿಸಿ. ಈಗ ಆಟ ಹೋದರೆ ಅದು ವೀಲ್ ಬೇರಿಂಗ್. ಹಾಗೇ ಇದ್ದರೆ ಕಿಂಗ್ ಪಿನ್ ಕಡೆಯದ್ದು.

ನಿಪ್ಪಲ್ ತಲೆಯನ್ನು ಚೆನ್ನಾಗಿ ಒರೆಸಿ, ಇಲ್ಲಾಂದ್ರೆ ಗ್ರೀಸಿನ ಜೊತೆ ಮಣ್ಣನ್ನೂ ಒಳಗೆ ತಳ್ಳುತ್ತೀರಿ. ಚಕ್ರದ ಮೇಲೆ ಭಾರ ಇಲ್ಲದಿರುವಾಗ, ಅಂದರೆ ಕಾರು ಎತ್ತಿರುವಾಗಲೇ ಹೊಡೆಯಿರಿ, ಆಗ ಗ್ರೀಸ್ ಎಲ್ಲಾ ಕಡೆ ಹರಡುತ್ತದೆ. ಕಪ್ಪಗಿನ ಹಳೇ ಗ್ರೀಸ್ ಅಂಚಿನಿಂದ ಹೊರಗೆ ಬರುತ್ತದೆ, ಅದರ ಹಿಂದೆಯೇ ಹೊಸದು ಕಾಣುತ್ತದೆ. ಅಲ್ಲಿಗೆ ಸಾಕು. ಏನೂ ಬರದೆ ಗನ್ನು ಗಟ್ಟಿಯಾಗಿ ನಿಂತರೆ ನಿಪ್ಪಲ್ ಬಿಚ್ಚಿ. ಬೇರೆ ನಿಪ್ಪಲ್ ಹಾಕಿ ನೋಡಿ, ಒಳಗಿನ ದಾರಿಯನ್ನು ತಂತಿಯಿಂದ ಕೆದಕಿ. ನನ್ನ ಕಾರಿನಲ್ಲಿ ಎಡಗಡೆಯ ಕೆಳಗಿನ ನಿಪ್ಪಲ್ ಮುಚ್ಚಿಹೋಗಿತ್ತು. ಎರಡು ಸಂಜೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು, ಬಿಸಿ ಮಾಡಿ, ಕೊನೆಗೆ ಗ್ರೀಸ್ ಒಳಗೆ ಹೋದಾಗ ಆದ ಸಂತೋಷ ಇಷ್ಟೇ ಅಂತ ಹೇಳಲಾರೆ. ಸ್ಟಿಯರಿಂಗ್ ಬೇರೆ ಕಾರಿನ ಹಾಗೆ ಹಗುರವಾಯಿತು.

ಆಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಒಂದು ನಿಪ್ಪಲ್, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಇದ್ದರೆ ಅಲ್ಲಿಗೂ. ಶಾಕ್ ಅಬ್ಸಾರ್ಬರ್ ಇದರಲ್ಲಿ ಈಗಿನ ಕೊಳವೆಯಂಥದ್ದಲ್ಲ, ಆರ್ಮ್‌ಸ್ಟ್ರಾಂಗ್ ಕಂಪನಿಯ ತೋಳಿನ ಥರದ್ದು, ಒಳಗೆ ಎಣ್ಣೆ ಇರುತ್ತದೆ. ಮೂಲೆ ಒತ್ತಿ ಬಿಟ್ಟಾಗ ಕಾರು ಕುಣಿಯುತ್ತಲೇ ಇದ್ದರೆ ಮುಚ್ಚಳ ಬಿಚ್ಚಿ ಎಣ್ಣೆ ನೋಡಿ. ಹೊರಗೆ ಸೋರಿ ಒದ್ದೆಯಾಗಿದ್ದರೆ ಎಣ್ಣೆ ತುಂಬಿ ಪ್ರಯೋಜನವಿಲ್ಲ, ರಿಪೇರಿ ಆದದ್ದನ್ನು ತಂದು ಹಾಕಬೇಕು.

ಎಣ್ಣೆಗಳು

ಎಂಜಿನ್ನಿಗೆ 20ಡಬ್ಲ್ಯೂ-50, ಹಳೇ ಎಂಜಿನ್ನಿಗೆಂದೇ ಮಾಡಿದ್ದು. ಈಗಿನ ತೆಳು ಆಯಿಲ್ ಹಾಕಬೇಡಿ. ಹಳೇ ಎಂಜಿನ್ನಿನ ಕ್ಯಾಮ್ ಮತ್ತು ಟ್ಯಾಪೆಟ್ ನೇರವಾಗಿ ಉಜ್ಜುತ್ತವೆ, ಅದಕ್ಕೆ ಆಯಿಲ್‌ನಲ್ಲಿ ಜಿಂಕ್ ಅಂಶ ಬೇಕು, ಈಗಿನ ಕಾರುಗಳ ಆಯಿಲ್‌ನಲ್ಲಿ ಅದು ಕಡಿಮೆ. ಸುಮಾರು 4.5 ಲೀಟರ್ ಹಿಡಿಯುತ್ತದೆ, ಆದರೆ ಅಳತೆ ಕಡ್ಡಿ ನೋಡಿಯೇ ನಿಲ್ಲಿಸಿ. ಹಳೇ ಆಯಿಲನ್ನು ಎಂಜಿನ್ ಬಿಸಿ ಇರುವಾಗ ಹೊರಗೆ ಬಿಡಿ. ಫಿಲ್ಟರ್ ತಲೆಕೆಳಗಾಗಿ ಕೂರುವ ಎಂಜಿನ್ ಆದರೆ ಒಳಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಇರುವ ಫಿಲ್ಟರನ್ನೇ ತನ್ನಿ. ಓಡುವಾಗ ಆಯಿಲ್ ಪ್ರೆಷರ್ 50ರಿಂದ 80 ಪಿಎಸ್‌ಐ, ಬಿಸಿಯಾಗಿ ನಿಂತಿರುವಾಗ 10ರಿಂದ 25 ಇರಬೇಕು.

ಯಾರೂ ನೋಡದ ಒಂದು ತುಂಡು ಇದೆ. ಪ್ರೆಷರ್ ಗೇಜಿಗೆ ಹೋಗುವ ಲೋಹದ ಪೈಪಿಗೂ ಎಂಜಿನ್ನಿಗೂ ನಡುವೆ ಒಂದು ಗಿಡ್ಡ ರಬ್ಬರ್ ಹೋಸ್. ಅದು ಒಡೆದರೆ ಎಂಜಿನ್ನಿನ ಆಯಿಲ್ ಪೂರ್ತಿ ರಸ್ತೆ ಮೇಲೆ ಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ. ಆಯಿಲ್ ಕೂಲರ್ ಹೋಸುಗಳೂ ಹಾಗೇ. ಎಲ್ಲವನ್ನೂ ಬದಲಿಸಿ.

ಗೇರ್‌ಬಾಕ್ಸಿಗೂ ಎಂಜಿನ್ ಆಯಿಲ್ಲೇ, ಅದೇ 20ಡಬ್ಲ್ಯೂ-50. ಓವರ್‌ಡ್ರೈವ್ (ಎಂಜಿನ್ ನಿಧಾನವಾಗಿ ಓಡಲು ಇರುವ ಹೆಚ್ಚಿನ ಗೇರ್) ಇದ್ದರೆ ಅದೂ ಅದೇ ಆಯಿಲ್ ಕುಡಿಯುತ್ತದೆ, ಯಾವ ಅಡಿಟಿವ್ವೂ ಸೇರಿಸಬೇಡಿ, ಜಾರಲು ಶುರುವಾಗುತ್ತದೆ. ಹಿಂದಿನ ಆಕ್ಸಲ್ ಹೌಸಿಂಗಿಗೆ ಮಾತ್ರ 90ರ ಗೇರ್ ಆಯಿಲ್. ಎಲ್ಲಕ್ಕೂ ಒಂದೇ ನಿಯಮ: ತುಂಬುವ ಬೋಲ್ಟ್ ಮೊದಲು ಬಿಚ್ಚಿ ನೋಡಿ, ಆಮೇಲೆ ಖಾಲಿ ಮಾಡುವ ಬೋಲ್ಟ್. ಆಯಿಲ್ ಎಲ್ಲಾ ಬಿಟ್ಟ ಮೇಲೆ ಮೇಲಿನ ಬೋಲ್ಟ್ ಬಿಚ್ಚಲು ಬರಲಿಲ್ಲ ಅಂದರೆ ಕಾರು ಅಲ್ಲೇ ನಿಲ್ಲುತ್ತದೆ.

ನೀರು

ಹಳೇ ಕೂಲೆಂಟ್ ಬಿಡಿ. ರೇಡಿಯೇಟರ್ ಮಾತ್ರ ಖಾಲಿ ಮಾಡಿದರೆ ಸಾಲದು, ಎಂಜಿನ್ ಬ್ಲಾಕಿನ ಹಿಂಭಾಗದಲ್ಲೂ ಬಿಡುವ ಜಾಗ ಇದೆ, ಅದು ಕೆಸರಿನಿಂದ ಮುಚ್ಚಿರುತ್ತದೆ, ತಂತಿ ಹಾಕಿ ಕೆದಕಿ ಹರಿಸಿ. ಎಲ್ಲಾ ಹೋಸ್, ಫ್ಯಾನ್ ಬೆಲ್ಟ್, 82 ಡಿಗ್ರಿಯ ಥರ್ಮೋಸ್ಟಾಟ್ ಹೊಸದು ಹಾಕಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರಿನ ಗುರುತು ಇದ್ದರೆ ಅದರ ಸೀಲ್ ಹೋಗಿದೆ. ಕೂಲೆಂಟ್ ಹಳೇ ಕಾರಿಗೆ ಹೇಳಿದ ನೀಲಿ ಬಣ್ಣದ್ದು ಸಾಕು, ಎರಡು ವರ್ಷಕ್ಕೊಮ್ಮೆ ಬದಲಿಸಿ. ರೇಡಿಯೇಟರ್ ಮುಚ್ಚಳದ ಒತ್ತಡ ನಿಮ್ಮ ವರ್ಷದ ಕಾರಿಗೆ ಹೇಳಿದ್ದೇ ಇರಲಿ.

ಈಗ ಎಂಜಿನ್ ಟ್ಯೂನಿಂಗ್

ಕ್ರಮ ತಪ್ಪಿಸಬೇಡಿ: ಟ್ಯಾಪೆಟ್, ಪ್ಲಗ್, ಪಾಯಿಂಟ್, ಟೈಮಿಂಗ್, ಕೊನೆಗೆ ಕಾರ್ಬ್ಯುರೇಟರ್. ಎಂಜಿನ್ ಸರಿಯಾಗಿ ಓಡುತ್ತಿಲ್ಲ ಅಂದ ಕೂಡಲೇ ಎಲ್ಲರೂ ಕಾರ್ಬ್ಯುರೇಟರ್ ತಿರುಪುತ್ತಾರೆ, ತಪ್ಪು ಹೆಚ್ಚಾಗಿ ಕರೆಂಟ್ ಕಡೆ ಇರುತ್ತದೆ.

ಟ್ಯಾಪೆಟ್ ಅಂತರ ತಣ್ಣಗಿನ ಎಂಜಿನ್ನಿಗೆ 0.015 ಇಂಚು. ಸುಲಭದ ಲೆಕ್ಕ ಒಂದಿದೆ, ಅಂಬಾಸಿಡರ್ ಮೇಸ್ತ್ರಿಗಳಿಗೂ ಗೊತ್ತಿರುವುದೇ. ವಾಲ್ವುಗಳಿಗೆ ಮುಂದಿನಿಂದ 1ರಿಂದ 8 ಅಂತ ನಂಬರ್ ಕೊಡಿ. ಯಾವ ವಾಲ್ವ್ ಪೂರ್ತಿ ತೆರೆದಿದೆಯೋ ಅದನ್ನು 9ರಿಂದ ಕಳೆಯಿರಿ, ಬಂದ ನಂಬರಿನ ವಾಲ್ವನ್ನು ಅಳೆಯಿರಿ. 8 ತೆರೆದಿದ್ದರೆ 1, 3 ತೆರೆದಿದ್ದರೆ 6. ಪ್ಲಗ್ ಬಿಚ್ಚಿಟ್ಟುಕೊಂಡರೆ ಎಂಜಿನ್ ತಿರುಗಿಸುವುದು ಹಗುರ.

ಅಡ್ಜಸ್ಟ್ ಮಾಡುವ ಮೊದಲು ಎಂಟೂ ಅಂತರ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇದು ಯಾಕೆ ಮುಖ್ಯ ಅಂದರೆ ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಬ್ರಿಟನ್ನಿನಲ್ಲಿ ಅದು 2000ದಿಂದ ಸಾಮಾನ್ಯ ಮಾರಾಟದಲ್ಲಿ ಇಲ್ಲ. ಸೀಸ ಇಲ್ಲದೆ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟು ನಿಧಾನವಾಗಿ ಸವೆದು ವಾಲ್ವ್ ಒಳಗಿಳಿಯುತ್ತದೆ, ಆಗ ಟ್ಯಾಪೆಟ್ ಅಂತರ ತಾನಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಹೆಡ್ಡಿಗೆ ಗಟ್ಟಿ ಸೀಟು ಹಾಕಿಸಿದ್ದಾರೋ ಇಲ್ಲವೋ ಅನ್ನುವುದು ಆ ಅಂಕಿಗಳಿಂದಲೇ ನಿಮಗೆ ಗೊತ್ತಾಗುವುದು.

ಪ್ಲಗ್ ಗ್ಯಾಪ್ 0.025 ಇಂಚು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ನಮ್ಮ ಕಡೆ ಡೆಲ್ಕೊ ಅನ್ನುವುದು, ಅದರ ಪಾಯಿಂಟ್ ಗ್ಯಾಪ್ 0.014ರಿಂದ 0.016 ಇಂಚು. ಫೈರಿಂಗ್ ಕ್ರಮ 1-3-4-2, ರೋಟರ್ ತಿರುಗುವುದು ಗಡಿಯಾರದ ಉಲ್ಟಾ ದಿಕ್ಕಿಗೆ. ಈಗ ಬರುವ ಅಗ್ಗದ ರೋಟರ್, ಕಂಡೆನ್ಸರ್ ತುಂಬಾ ಬೇಗ ಕೈಕೊಡುತ್ತವೆ, ರಿವೆಟ್ ಇಲ್ಲದ ಒಳ್ಳೆಯ ರೋಟರ್ ಹುಡುಕಿ ತನ್ನಿ, ಡಿಕ್ಕಿಯಲ್ಲಿ ಇನ್ನೊಂದು ಇಡಿ. ಟೈಮಿಂಗ್ ನಿಮ್ಮ ಎಂಜಿನ್ ನಂಬರಿಗೆ ಮ್ಯಾನುಯಲ್ ಏನು ಹೇಳುತ್ತದೋ ಅದು.

ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳ ಮೇಲಿನ ಮುಚ್ಚಳ ಬಿಚ್ಚಿ ಎಣ್ಣೆ ನೋಡಿ. ಮುಚ್ಚಳ ವಾಪಸ್ ಹಾಕುವಾಗ ಅದು ಕೂರುವುದಕ್ಕೆ ಸ್ವಲ್ಪ ಮೊದಲೇ ಕೈಗೆ ತಡೆ ಸಿಗಬೇಕು. ಸಿಗದಿದ್ದರೆ ಎಣ್ಣೆ ಕಡಿಮೆ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮುಗ್ಗರಿಸುವುದು ಇದರಿಂದಲೇ. ಮಿಕ್ಸ್ಚರ್ ನೋಡಲು ಬಿಸಿ ಎಂಜಿನ್ ಐಡಲ್‌ನಲ್ಲಿ ಓಡುವಾಗ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನನ್ನು 1 ಮಿಮೀಯಷ್ಟು ಎತ್ತಿ. ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಸಾಯುವ ಹಾಗಾದರೆ ಕಡಿಮೆ, ಒಂದು ಕ್ಷಣ ಏರಿ ಮತ್ತೆ ಇಳಿದರೆ ಸರಿ.

ತುಕ್ಕು

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಪೆಟ್ಟಿಗೆಗಳೇ ಅದರ ಬೆನ್ನೆಲುಬು. ರೋಡ್‌ಸ್ಟರ್‌ನಲ್ಲಿ ಮೇಲ್ಛಾವಣಿಯೂ ಇಲ್ಲವಲ್ಲ, ಪೂರ್ತಿ ಭಾರ ಅವುಗಳ ಮೇಲೆಯೇ. ಕಾರು ಎತ್ತುವಾಗ ಬಾಗಿಲಿನ ಸಂದು ನೋಡುತ್ತಿರಿ, ಸಂದು ಮುಚ್ಚಿಕೊಂಡು ಬಾಗಿಲು ತೆರೆಯಲು ಬಿಗಿಯಾದರೆ ಸಿಲ್ ಒಳಗೆ ಕೊಳೆತಿದೆ. ಅದು ವೆಲ್ಡಿಂಗ್ ಬಲ್ಲವರ ಕೆಲಸ.

ಗಟ್ಟಿ ಇದ್ದರೆ ಹಾಗೇ ಉಳಿಸಿಕೊಳ್ಳುವುದು ನಿಮ್ಮ ಕೈಲಿದೆ. ಮುಂದಿನ ಮಡ್‌ಗಾರ್ಡ್ ಒಳಗೆ, ಬಾಗಿಲಿನ ಮುಂದಿನ ಕಡೆ ಮಣ್ಣು ಸೇರಿಕೊಂಡು ಒದ್ದೆಯಾಗಿಯೇ ಇರುತ್ತದೆ, ಅದನ್ನೆಲ್ಲಾ ತೆಗೆಯಿರಿ. ಬಾಗಿಲಿನ ತಳದ ತೂತು, ಹೀಟರ್ ಗಾಳಿ ಬರುವ ಕಡೆಯ ನೀರಿನ ಪೈಪು ತೆರೆದಿರಲಿ. ಒಣಗಿದ ದಿನ ನೋಡಿ ಸಿಲ್ ಒಳಗೆ ಉದ್ದ ಪೈಪಿನಿಂದ ಮೇಣ ಹೊಡೆಯಿರಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಮಳೆ ಬಂದು ಅದು ತೊಳೆದು ಹೋಗುವ ತನಕ ನಾನು ಕಾರು ಹೊರಗೆ ತೆಗೆಯುವುದಿಲ್ಲ. ಮಂಗಳೂರು, ಕಾರವಾರದ ಕಡೆ ಇರುವವರಿಗೆ ಉಪ್ಪು ಗಾಳಿಯಲ್ಲೇ ಇದೆ, ಅಲ್ಲಿ ಈ ಮೇಣದ ಕೆಲಸ ಇನ್ನೂ ಮುಖ್ಯ.

ಓಡಿಸುವುದು

ಮೊದಲ ಸಲ ಮನೆಯ ಸುತ್ತ 5 ಮೈಲಿ ಸಾಕು. ವಾಪಸ್ ಬಂದು ಚಕ್ರದ ನಡುವೆ ಕೈ ಇಟ್ಟು ನೋಡಿ. ಒಂದು ಚಕ್ರ ಮಾತ್ರ ಬಿಸಿ ಇದ್ದರೆ ಬ್ರೇಕ್ ಹಿಡಿಯುತ್ತಿದೆ. ಕೆಳಗೆ ಹಳೇ ರಟ್ಟು ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಎಲ್ಲಿ ಏನು ತೊಟ್ಟಿಕ್ಕಿದೆ ಕಾಣುತ್ತದೆ. ಆಮೇಲೆ 20 ಮೈಲಿ, ಆಮೇಲೆ 100.

ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದು ನಿಲ್ಲಬೇಡಿ, ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಇದರ ಕ್ಲಚ್ ಬೇರಿಂಗ್ ಗುಂಡುಗಳದ್ದಲ್ಲ, ಇಂಗಾಲದ ಉಂಗುರ, ತುಳಿದಷ್ಟು ಹೊತ್ತೂ ಸವೆಯುತ್ತದೆ. ಅದನ್ನು ಬದಲಿಸಲು ಎಂಜಿನ್ ಇಳಿಸಬೇಕು.

ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ರೋಟರ್, ಕಂಡೆನ್ಸರ್, ಪಾಯಿಂಟ್ ಸೆಟ್, ಫ್ಯೂಸ್, ಒಂದು ತುಂಡು ಪೆಟ್ರೋಲ್ ಹೋಸ್, ಎರಡು ಲೀಟರ್ ನೀರು, ಒಂದು ಲೀಟರ್ ಆಯಿಲ್ ಇರಲಿ. 500 ಮೈಲಿ ಆದ ಮೇಲೆ ಮುಟ್ಟಿದ ಎಲ್ಲಾ ನಟ್ಟುಗಳನ್ನೂ ಒಮ್ಮೆ ಬಿಗಿ ನೋಡಿ, ಬ್ರೇಕ್ ಆಯಿಲ್ ಮಟ್ಟ ನೋಡಿ. ವರ್ಷಕ್ಕೊಮ್ಮೆ ಎಂಒಟಿಗೆ ನೀವಾಗಿಯೇ ತೆಗೆದುಕೊಂಡು ಹೋಗಬಹುದು. ಕಡ್ಡಾಯವಲ್ಲ ಅಷ್ಟೇ, ಬೇಡ ಅಂತ ಯಾರೂ ಹೇಳುವುದಿಲ್ಲ. ನಾನು ಹೋಗುತ್ತೇನೆ, ಇನ್ನೊಬ್ಬರ ಕಣ್ಣಿಗೆ ಬೀಳುವುದು ಬೇರೆಯೇ ಇರುತ್ತದೆ.

3000 ಮೈಲಿಗೆ ಎಂಜಿನ್ ಆಯಿಲ್, ಆರು ನಿಪ್ಪಲ್ಲಿಗೆ ಗ್ರೀಸ್. ಅದೇ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಎಂಟು ಟ್ಯಾಪೆಟ್ ಅಂತರವನ್ನೂ ಮತ್ತೆ ಅಳೆದು ನೋಟ್‌ಬುಕ್ಕಿನ ಮೊದಲ ಪುಟದ ಅಂಕಿಗಳ ಪಕ್ಕದಲ್ಲಿ ಬರೆಯಿರಿ.